ಗ್ಯಾಸ್ಕೆಟ್ ಎಲ್ಲಿ ಸಿಗತ್ತೆ?

ನಮ್ಮ ಟೀಮಿಗೆ ಹೊಸದಾಗಿ ಸೇರಿರೋ ಹುಡುಗ ಮೊನ್ನೆ ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಐದು ಲಿಂಕ್ ಕಳಿಸಿದ. ಐದೂ ಗೇಮ್‌ಪ್ಯಾಡುಗಳೇ. ಹೆಚ್ಚುಕಡಿಮೆ ಎಲ್ಲದರ ಹೆಸರಲ್ಲೂ ‘ಪ್ರೊ’ ಅಂತಲೋ ‘ಎಲೀಟ್’ ಅಂತಲೋ ಬಾಲ ಇತ್ತು. ಕೆಳಗೆ ಒಂದೇ ಸಾಲು: ‘ಅಣ್ಣಾ, ಬೋನಸ್ ಬಂತು. ಟೂರ್ನಮೆಂಟಿಗೆ ಮುಂಚೆ ಮಾಡ್ಯುಲರ್ ತಗೊಳ್ಳೋಣ ಅಂತಿದೀನಿ. ಯಾವುದು?’

ಮಲಗಿದ್ದವನು ಎದ್ದು ಕೂತು ಒಂಬತ್ತು ನಿಮಿಷದ ವಾಯ್ಸ್ ನೋಟ್ ಕಳಿಸಿದೆ. ಅರ್ಧಕ್ಕೆ ಬರುವ ಹೊತ್ತಿಗೆ ಹೆಂಡತಿಗೆ ಎಚ್ಚರವಾಗಿ, ‘ಇಷ್ಟೊತ್ತಲ್ಲಿ ಯಾರ ಜೊತೆ ಜಗಳ?’ ಅಂದಳು. ಪಾಪ, ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನ ಮೊದಲ ಬೋನಸ್ಸು, ಸಂಬಳದಲ್ಲಿ ಅರ್ಧ ಊರಿಗೆ ಕಳಿಸ್ತಾನೆ, ವಾರಾಂತ್ಯದಲ್ಲಿ ಫುಟ್‌ಬಾಲ್ ಗೇಮ್ ಆಡ್ತಾನೆ, ನನಗಿಂತ ಚೆನ್ನಾಗಿ ಆಡ್ತಾನೆ. ಸಿಟ್ಟು ಆ ಐದು ಲಿಂಕುಗಳ ಮೇಲೆ. ಆ ವಾಯ್ಸ್ ನೋಟಿನಲ್ಲಿದ್ದ ಬೈಗುಳ ತೆಗೆದು, ನಿದ್ದೆಗಣ್ಣಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಡ್ಯುಲರ್ ಗೇಮ್‌ಪ್ಯಾಡ್ ಅಂದ್ರೆ ಭಾಗಗಳನ್ನು ಕಳಚಿ ಬೇರೆ ಹಾಕಿಕೊಳ್ಳಬಹುದಾದ ಕಂಟ್ರೋಲರ್. ಹೆಬ್ಬೆರಳು ಕೂರುವ ಸ್ಟಿಕ್ಕಿನ ಟೋಪಿ ಉದ್ದದ್ದು ಬೇಕಾ, ಗಿಡ್ಡದ್ದು ಬೇಕಾ. ದಿಕ್ಕಿನ ಬಟನ್, ಅಂದ್ರೆ ಡಿ-ಪ್ಯಾಡ್, ಅಧಿಕ ಚಿಹ್ನೆಯ ಹಾಗಿರಬೇಕಾ, ತಟ್ಟೆಯ ಹಾಗಿರಬೇಕಾ. ಹಿಂದುಗಡೆ ಬೆರಳಿಗೆ ಸಿಗುವ ಹಾಗೆ ಎರಡು ಪ್ಯಾಡಲ್ ಸಾಕಾ, ನಾಲ್ಕು ಬೇಕಾ. ಟ್ರಿಗರನ್ನು ಪೂರ್ತಿ ಒತ್ತಬೇಕಾ, ಮೌಸಿನ ಹಾಗೆ ಚಿಟ್ ಅಂದ್ರೆ ಸಾಕಾ. ಮೈಕ್ರೋಸಾಫ್ಟ್ 2015ರ ಅಕ್ಟೋಬರಿನಲ್ಲಿ ಎಕ್ಸ್‌ಬಾಕ್ಸ್ ಎಲೀಟ್ ಅನ್ನು 150 ಡಾಲರಿಗೆ ಬಿಟ್ಟಿತು. ಮಾಮೂಲಿ ಕಂಟ್ರೋಲರ್ 60 ಡಾಲರಿಗೆ ಸಿಗುತ್ತಿದ್ದ ಕಾಲ ಅದು. ಜನ ಮುಗಿಬಿದ್ದು ಕೊಂಡರು. ಅಲ್ಲಿಂದ ಮುಂದೆ ಇದೊಂದು ಜಾತಿಯೇ ಆಗಿಹೋಯ್ತು.

ನಾನೂ ಮುಗಿಬಿದ್ದವನೇ. ಮೂರು ವರ್ಷದ ಹಿಂದೆ ಕೊಂಡೆ, ಒಂಬತ್ತು ತಿಂಗಳ ಇಎಂಐ. ಕಂಪನಿಯ ಹೆಸರು ಬೇಡ; ಹೆಸರು ಹೇಳಿದರೆ ಅದರ ಅಭಿಮಾನಿಗಳು ಬಂದು ನನಗೆ ಸ್ಟಿಕ್ ಹಿಡಿಯೋಕೆ ಬರಲ್ಲ ಅಂತ ಸಾಬೀತು ಮಾಡ್ತಾರೆ, ಮಾತು ಅಲ್ಲಿಗೇ ನಿಂತುಬಿಡತ್ತೆ. ಗಟ್ಟಿ ಪೆಟ್ಟಿಗೆ, ಒಳಗೆ ಮೆತ್ತನೆ ಹಾಸು, ಹಾಸಿನಲ್ಲಿ ಗುಳಿ ತೋಡಿ ಒಂದೊಂದು ಬಿಡಿಭಾಗವನ್ನೂ ಒಡವೆಯ ಹಾಗೆ ಜೋಡಿಸಿದ್ದರು. ಮೊದಲ ಒಂದು ತಿಂಗಳು ನಾನು ಆಟ ಆಡಿದ್ದಕ್ಕಿಂತ ಆ ಒಡವೆ ಬದಲಾಯಿಸಿದ್ದೇ ಹೆಚ್ಚು. ಸೋತರೆ ಸ್ಟಿಕ್ ಗಿಡ್ಡ ಮಾಡ್ತಿದ್ದೆ. ಮತ್ತೆ ಸೋತರೆ ಪ್ಯಾಡಲ್ ತೆಗೀತಿದ್ದೆ. ಗೆದ್ದರೆ ಆ ಜೋಡಣೆಯ ಫೋಟೊ ತೆಗೆದಿಟ್ಟುಕೊಳ್ತಿದ್ದೆ. ಬೆರಳಿಗೆ ಅಭ್ಯಾಸ ಕೂರೋಕೆ ನಾನು ಬಿಟ್ಟರೆ ತಾನೆ?

ಅದು ಇರಲಿ, ಅದು ನನ್ನ ಹುಚ್ಚು. ಆಮೇಲೆ ಆದದ್ದು ಕೇಳಿ. ಹದಿನಾಲ್ಕನೇ ತಿಂಗಳು, ಎಚ್‌ಎಸ್‌ಆರ್ ಲೇಔಟಿನ ಒಂದು ಗೇಮಿಂಗ್ ಕೆಫೆಯಲ್ಲಿ ವಾರಾಂತ್ಯದ ಟೂರ್ನಮೆಂಟ್. ಜೀವಮಾನದಲ್ಲಿ ಮೊದಲ ಸಲ ನಾನು ಸೆಮಿಫೈನಲ್ಲಿಗೆ ಬಂದಿದ್ದೆ. ಎದುರಿಗೆ ಕಾಲೇಜಿನ ಹುಡುಗ, ಕೈಯಲ್ಲಿ ಕನ್ಸೋಲಿನ ಜೊತೆಗೇ ಬಂದ ಮಾಮೂಲಿ ಕಂಟ್ರೋಲರ್. ಒಂದಕ್ಕೊಂದು ಸಮ, ಎಂಬತ್ತು ನಿಮಿಷ ದಾಟಿತ್ತು. ನಾನು ಡಿಫೆಂಡರನ್ನು ಆಯ್ದುಕೊಂಡು ಸ್ಟಿಕ್ ಬಿಟ್ಟು ಸುಮ್ಮನೆ ನಿಂತೆ. ನಿಲ್ಲೋದೇ ಅಲ್ಲಿನ ಜಾಣತನ. ನಾನು ನಿಂತೆ, ಡಿಫೆಂಡರ್ ನಿಲ್ಲಲಿಲ್ಲ. ಸಂಜೆ ವಾಕಿಂಗ್ ಹೊರಟವನ ಹಾಗೆ ಮೆಲ್ಲಗೆ ಎಡಕ್ಕೆ ನಡೆದ. ಅವನು ಬಿಟ್ಟ ಜಾಗದಲ್ಲಿ ಚೆಂಡು ಹೋಯ್ತು, ಗೋಲಾಯ್ತು. ಆ ಹುಡುಗ ವ್ಯಂಗ್ಯಕ್ಕಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ: ‘ಬ್ರೋ, ನಿಮ್ಮ ಡಿಫೆಂಡರ್ ಎಲ್ಲಿಗೆ ಹೋದ?’

ಸ್ಟಿಕ್ ಡ್ರಿಫ್ಟ್. ಬೆರಳು ತೆಗೆದ ಮೇಲೂ ಯಾರೋ ತಳ್ಳುತ್ತಿದ್ದಾರೆ ಅಂತ ಕಂಟ್ರೋಲರ್ ತಿಳಿದುಕೊಳ್ಳೋದು. ಸರ್ವಿಸ್ ಸೆಂಟರಿಗೆ ಹೋದೆ. ವಾರಂಟಿ ಎರಡು ತಿಂಗಳ ಹಿಂದೆ ಮುಗಿದಿತ್ತು. ಸ್ಟಿಕ್ ಒಂದನ್ನೇ ಬದಲಾಯಿಸೋ ಪದ್ಧತಿ ಇಲ್ಲ, ಬೋರ್ಡು ಪೂರ್ತಿ ಬದಲಾಯಿಸಬೇಕು ಅಂದರು. ಅದಕ್ಕೆ ಹೇಳಿದ ಬೆಲೆ ಕೇಳಿ ಪೆಟ್ಟಿಗೆ ಮುಚ್ಚಿಕೊಂಡು ಬಂದೆ. ಮುಂದಿನ ಶನಿವಾರ ಎಸ್‌ಪಿ ರೋಡಿನಲ್ಲಿ ಮೊಬೈಲ್ ರಿಪೇರಿ ಮಾಡೋರೊಬ್ಬರು ಭೂತಗನ್ನಡಿ ಹಾಕಿಕೊಂಡು, ಹದಿನಾಲ್ಕು ಕಾಲಿನ ಬೆಸುಗೆ ಬಿಡಿಸಿ, ಹೊಸ ಸ್ಟಿಕ್ ಕೂರಿಸಿಕೊಟ್ಟರು. ಮುಕ್ಕಾಲು ಗಂಟೆ, ನಾನೂರೈವತ್ತು ರೂಪಾಯಿ. ಬೆಸುಗೆ ಹಾಕ್ತಾ ಹಾಕ್ತಾ ಅವರು ಹೇಳಿದ್ದು: ‘ಮೇಲಿನ ಟೋಪಿ ಬಿಚ್ಕೊಳತ್ತೆ, ಹಿಂದಿನ ಕಿವಿ ಬಿಚ್ಕೊಳತ್ತೆ, ಮುಖ ಬಿಚ್ಕೊಳತ್ತೆ. ಹಾಳಾಗೋದು ಮಾತ್ರ ಬಿಚ್ಕೊಳಲ್ಲ. ಯಾರ್ ಸಾರ್ ಇದನ್ನ ಮಾಡಿದ್ದು?’

ನನಗೆ ಆಗ ಅಮ್ಮನ ಮಾತು ನೆನಪಾಯ್ತು. ಹೊಸದರಲ್ಲಿ ಗೌರಿ ಹಬ್ಬಕ್ಕೆ ಹಾಸನಕ್ಕೆ ಹೋದಾಗ ಈ ಪೆಟ್ಟಿಗೆಯನ್ನೂ ಒಯ್ದಿದ್ದೆ. ‘ನೋಡಮ್ಮಾ, ಎಲ್ಲಾ ಬಿಚ್ಚಿ ಹಾಕಬಹುದು’ ಅಂತ ತೋರಿಸಿದೆ. ಅಮ್ಮ ಎರಡು ತುಂಡು ಕೈಗೆತ್ತಿಕೊಂಡು ನೋಡಿ, ‘ಇದರ ಗ್ಯಾಸ್ಕೆಟ್ ಎಲ್ಲಿ ಸಿಗತ್ತೆ?’ ಅಂದಳು. ನಾನು ನಕ್ಕಿದ್ದೆ. ಇದು ಕುಕ್ಕರ್ ಅಲ್ಲಮ್ಮ ಅಂದಿದ್ದೆ.

ನಗಬಾರದಿತ್ತು. ಅಮ್ಮನ ಕುಕ್ಕರ್ ನನಗಿಂತ ಹಳೇದು. ಪಾತ್ರೆ ಅದೇ, ಮುಚ್ಚಳ ಅದೇ. ರಬ್ಬರ್ ಗ್ಯಾಸ್ಕೆಟ್ ಎಷ್ಟು ಸಲ ಬದಲಾಗಿದೆಯೋ ಲೆಕ್ಕ ಇಟ್ಟವರಿಲ್ಲ. ಹಿಡಿ ಎರಡು ಸಲ, ಸೇಫ್ಟಿ ವಾಲ್ವ್ ಆಗಾಗ, ಕಳೆದುಹೋದ ವೆಯ್ಟ್ ಒಂದು ಸಲ. ಎಲ್ಲವೂ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿರ್ತಾರೆ. ‘ಐದು ಲೀಟರಿಂದು’ ಅಂದ್ರೆ ಸಾಕು, ಇಳಿಸಿ ಕೊಡ್ತಾರೆ. ಮಿಕ್ಸಿಯೂ ಅಷ್ಟೆ. ಜಾರಿನ ಕೆಳಗಿನ ಕಪ್ಲರ್ ಹಲ್ಲು ಸವೆದರೆ ಮೋಟಾರ್ ಗಿರ್ ಅಂತ ತಿರುಗತ್ತೆ, ಚಟ್ನಿ ಮಾತ್ರ ರುಬ್ಬಲ್ಲ. ಹೊಸ ಕಪ್ಲರ್ ತಂದು ತಿರುಗಿಸಿ ಕೂರಿಸೋಕೆ ಎರಡು ನಿಮಿಷ. ಯಾವ ಪಾತ್ರೆ ಅಂಗಡಿಯವನೂ ಇದನ್ನು ಮಾಡ್ಯುಲರ್ ಅಂತ ಕರೆದು ಮೂರು ಪಟ್ಟು ದುಡ್ಡು ಕೇಳಿಲ್ಲ. ಸವೆಯೋದು ಬಿಚ್ಚಿಕೊಳ್ಳಬೇಕು, ಬಿಚ್ಚಿದ್ದು ಅಂಗಡಿಯಲ್ಲಿ ಸಿಗಬೇಕು, ಸಿಕ್ಕಿದ್ದು ಇಡೀ ಸಾಮಾನಿನ ಬೆಲೆಯಲ್ಲಿ ಒಂದು ಸಣ್ಣ ಪಾಲಾಗಿರಬೇಕು. ಅಮ್ಮನ ಲೆಕ್ಕ ಇಷ್ಟೇ. ನಾನು ಆ ಹುಡುಗನಿಗೆ ಹೇಳಿದ್ದೂ ಇದನ್ನೇ: ಐದು ಲಿಂಕನ್ನೂ ಈ ಜರಡಿಗೆ ಹಾಕು, ಎಷ್ಟು ಉಳೀತವೆ ನೋಡು.

ಗೇಮ್‌ಪ್ಯಾಡಿನಲ್ಲಿ ಸವೆಯೋದು ಯಾವುದು? ಸ್ಟಿಕ್ಕಿನ ಒಳಗಿರುವ ಪೊಟೆನ್ಶಿಯೋಮೀಟರ್. ಹೆಸರು ದೊಡ್ಡದು, ಸಾಮಾನು ಹಳೇದು. ತಾತನ ರೇಡಿಯೊದಲ್ಲಿ ವಾಲ್ಯೂಮ್ ತಿರುಗಿಸೋ ಗುಬುಟು ಇತ್ತಲ್ಲ, ಅದರ ಒಳಗಿದ್ದದ್ದೂ ಇದೇ. ಇಂಗಾಲದ ಪಟ್ಟಿಯ ಮೇಲೆ ಒಂದು ಲೋಹದ ನಾಲಗೆ ಉಜ್ಜಿಕೊಂಡು ಓಡಾಡತ್ತೆ. ನಾಲಗೆ ಎಲ್ಲಿದೆ ಅನ್ನೋದರ ಮೇಲೆ ವೋಲ್ಟೇಜ್ ಬದಲಾಗತ್ತೆ. ಉಜ್ಜಿದರೆ ಸವೆಯುತ್ತೆ, ಸವೆದರೆ ಪುಡಿ ಉದುರತ್ತೆ. ರೇಡಿಯೊ ಹಳೇದಾದಾಗ ವಾಲ್ಯೂಮ್ ತಿರುಗಿಸಿದರೆ ಕರಕರ ಅಂತಿತ್ತು. ಅದೇ ಕರಕರ ಇಲ್ಲಿ ನನ್ನ ಡಿಫೆಂಡರನ್ನು ವಾಕಿಂಗ್ ಕಳಿಸಿತು. ರೇಡಿಯೊ ಗುಬುಟನ್ನು ತಾತ ದಿನಕ್ಕೆ ನಾಲ್ಕು ಸಲ ತಿರುಗಿಸ್ತಿದ್ದರು. ನಾವು ಸ್ಟಿಕ್ಕನ್ನು ನಿಮಿಷಕ್ಕೆ ನೂರು ಸಲ ತಿರುಚ್ತೀವಿ. ದೊಡ್ಡ ಕಂಪನಿಗಳ ಕಂಟ್ರೋಲರುಗಳಲ್ಲಿ ಕೂರೋ ಆಲ್ಪ್ಸ್ ಕಂಪನಿಯ ಸ್ಟಿಕ್ಕಿಗೆ ತಯಾರಕರೇ ಹೇಳುವ ಆಯಸ್ಸು 20 ಲಕ್ಷ ಸುತ್ತು. ಕೇಳೋಕೆ ತುಂಬಾ ಅನ್ಸತ್ತೆ. ಸಾಮಾನುಗಳನ್ನು ಬಿಚ್ಚಿ ತೋರಿಸೋ ಐಫಿಕ್ಸಿಟ್ ಸಂಸ್ಥೆ 2021ರಲ್ಲಿ ಕೂತು ಲೆಕ್ಕ ಹಾಕಿತು: ಕಾಲ್ ಆಫ್ ಡ್ಯೂಟಿಯಂಥ ಆಟದಲ್ಲಿ ಈ 20 ಲಕ್ಷ ಸುಮಾರು 400 ಗಂಟೆಯಲ್ಲಿ ಮುಗಿದುಹೋಗುತ್ತೆ. ದಿನಕ್ಕೆ ಎರಡು ಗಂಟೆ ಅಂದ್ರೆ ಏಳು ತಿಂಗಳು. ಅಷ್ಟು ಹೊತ್ತಿಗೆ ಸರಿಯಾಗಿ ಕೆಟ್ಟೇ ಕೆಡತ್ತೆ ಅಂತಲ್ಲ. ತಯಾರಕರ ಭರವಸೆ ಅಲ್ಲಿಗೆ ಮುಗೀತು ಅಂತ.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಅಯಸ್ಕಾಂತ ಇಟ್ಟು, ಅದರ ಕ್ಷೇತ್ರ ಎಷ್ಟು ವಾಲಿತು ಅಂತ ಅಳೆದರೆ ಏನೂ ಏನನ್ನೂ ಉಜ್ಜೋದಿಲ್ಲ. ಹಾಲ್ ಎಫೆಕ್ಟ್ ಅಂತಾರೆ. ಎಡ್ವಿನ್ ಹಾಲ್ ಇದನ್ನು ಕಂಡುಹಿಡಿದದ್ದು 1879ರಲ್ಲಿ. ಸೆಗಾ ಕಂಪನಿ 1996ರಲ್ಲೇ ಸ್ಯಾಟರ್ನ್ ಕನ್ಸೋಲಿನ ತ್ರೀಡಿ ಪ್ಯಾಡಿನಲ್ಲಿ, 1998ರ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲಿ ಇದನ್ನು ಹಾಕಿತ್ತು. ಅದೂ ಎಂಥದ್ದು, ಮಕ್ಕಳ ಕೈಗೆ ಕೊಡೋ ಮಾಮೂಲಿ ಕಂಟ್ರೋಲರು! ಈಗ ಇದರ ತಮ್ಮ ಟಿಎಂಆರ್ ಅಂತ ಬಂದಿದೆ, ಅದೂ ಅಯಸ್ಕಾಂತದ್ದೇ, ಕರೆಂಟ್ ಇನ್ನೂ ಕಮ್ಮಿ ತಿನ್ನತ್ತೆ. ಮೂರು ಸಾವಿರದೊಳಗಿನ ಕಂಟ್ರೋಲರುಗಳಲ್ಲೂ ಹಾಲ್ ಸ್ಟಿಕ್ ಸಿಗ್ತಿದೆ. ಅಮರ ಅಂತೇನಲ್ಲ, ಸ್ಪ್ರಿಂಗ್ ಸಡಿಲಾಗತ್ತೆ, ಒಮ್ಮೊಮ್ಮೆ ಕ್ಯಾಲಿಬ್ರೇಶನ್ ಮಾಡಬೇಕಾಗತ್ತೆ. ಆದರೆ ಪಟ್ಟಿ ಸವೆಯುವ ರೋಗ ಇಲ್ಲ.

ಈಗ ಲಿಂಕುಗಳಿಗೆ ಬನ್ನಿ. ಸೋನಿಯ ಡುಯಲ್‌ಸೆನ್ಸ್ ಎಡ್ಜ್ 2023ರ ಜನವರಿಯಲ್ಲಿ ಬಂತು. ನಮ್ಮಲ್ಲಿ 18,990 ರೂಪಾಯಿ. ಇದರಲ್ಲಿ ಮೆಚ್ಚೋ ಮಾತು ಒಂದಿದೆ: ಮುಂದಿನ ಮುಚ್ಚಳ ತೆಗೆದು, ಒಂದು ಸಣ್ಣ ಸನ್ನೆ ಎತ್ತಿದರೆ ಇಡೀ ಸ್ಟಿಕ್ ಮಾಡ್ಯೂಲ್ ಕೈಗೆ ಬರತ್ತೆ. ಅಮೆರಿಕದಲ್ಲಿ ಬಿಡಿ ಮಾಡ್ಯೂಲಿಗೆ 20 ಡಾಲರ್. ಅಂದ್ರೆ ಗ್ಯಾಸ್ಕೆಟ್ ಇದೆ! ಆದರೆ ಆ ಮಾಡ್ಯೂಲಿನೊಳಗೆ ಕೂತಿರೋದು ಅದೇ ಉಜ್ಜುವ ಪೊಟೆನ್ಶಿಯೋಮೀಟರ್. ಸೆಗಾ ಮಕ್ಕಳಿಗೆ ಕೊಟ್ಟಿದ್ದನ್ನು ಇಪ್ಪತ್ತೈದು ವರ್ಷ ಆದಮೇಲೆ 200 ಡಾಲರ್ ಕೊಟ್ಟವನಿಗೂ ಕೊಡಲಿಲ್ಲ. ಮೇಲಿಂದ ಬ್ಯಾಟರಿ 1050 ಎಂಎಎಚ್. ಮೂರನೇ ಒಂದು ಪಾಲು ಬೆಲೆಯ ಮಾಮೂಲಿ ಡುಯಲ್‌ಸೆನ್ಸಿನಲ್ಲಿ 1560. ಸವೆಯೋದನ್ನು ಹಾಗೇ ಇಟ್ಟು, ಸವೆದಾಗ ನಮ್ಮ ಹತ್ತಿರ ಬಾ ಅನ್ನೋ ವ್ಯವಸ್ಥೆ. ಆದರೂ ಐದರಲ್ಲಿ ಇದನ್ನು ನಾನು ಕೆಳಗೆ ಹಾಕಲ್ಲ. ಗ್ಯಾಸ್ಕೆಟ್ ಇಲ್ಲದ್ದಕ್ಕಿಂತ ದುಬಾರಿ ಗ್ಯಾಸ್ಕೆಟ್ ವಾಸಿ.

ಎಕ್ಸ್‌ಬಾಕ್ಸ್ ಎಲೀಟ್ ಎರಡನೇ ಪೀಳಿಗೆ, 2019ರದ್ದು, ಬಂದಾಗ 180 ಡಾಲರ್ ಇತ್ತು. ಟೋಪಿ, ಡಿ-ಪ್ಯಾಡ್, ಪ್ಯಾಡಲ್ ಎಲ್ಲ ಅಯಸ್ಕಾಂತಕ್ಕೆ ಅಂಟಿಕೊಂಡು ಕಳಚಿಕೊಳ್ತವೆ. ಹಿಡಿಯೋಕೆ ಸೊಗಸು, ಸುಳ್ಳು ಹೇಳಲ್ಲ. ಟೋಪಿಯ ಕೆಳಗಿನ ಸ್ಟಿಕ್ ಮಾತ್ರ ಬೋರ್ಡಿಗೆ ಬೆಸೆದದ್ದು. ಜರಡಿಯಲ್ಲಿ ನಿಲ್ಲಲ್ಲ.

ತ್ರಸ್ಟ್‌ಮಾಸ್ಟರ್ 2019ರಲ್ಲಿ ತಂದ ಇ-ಸ್ವ್ಯಾಪ್‌ನದ್ದು ಬೇರೆ ಕತೆ. ಅದರಲ್ಲಿ ಸ್ಟಿಕ್ಕೇ ಮಾಡ್ಯೂಲ್. ಆಟದ ಮಧ್ಯೆ, ವೈರ್ ಕೂಡ ಕೀಳದೆ, ಸ್ಟಿಕ್ಕನ್ನು ಎತ್ತಿ ಡಿ-ಪ್ಯಾಡಿನ ಜಾಗಕ್ಕೆ, ಡಿ-ಪ್ಯಾಡನ್ನು ಸ್ಟಿಕ್ಕಿನ ಜಾಗಕ್ಕೆ ಹಾಕಬಹುದು. ಆಮೇಲೆ ಹಾಲ್ ಎಫೆಕ್ಟಿನದ್ದೂ ಬಂತು. ಮಾಡ್ಯುಲರ್ ಅನ್ನೋ ಮಾತನ್ನು ಅರ್ಥ ತಿಳಿದು ಬಳಸಿದವರು ಇವರು. ವಿಕ್ಟ್ರಿಕ್ಸ್ ಪ್ರೊ ಬಿಎಫ್‌ಜಿಯದ್ದು ಇನ್ನೊಂದು ದಾರಿ: ಸಣ್ಣ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ, ಎಡದ ತುಂಡನ್ನು ತಲೆಕೆಳಗು ಮಾಡಬಹುದು, ಬಲದ ತುಂಡು ತೆಗೆದು ಆರು ಬಟನ್ನಿನ ತುಂಡು ಕೂರಿಸಬಹುದು. ವಾರದ ದಿನ ಫುಟ್‌ಬಾಲ್, ಭಾನುವಾರ ಟೆಕ್ಕನ್ ಅನ್ನೋ ನನ್ನಂಥವರಿಗೆ ಅದಕ್ಕೊಂದು ಅರ್ಥ ಇದೆ. ಆದರೆ ಇಂಥವನ್ನು ಕೊಳ್ಳೋ ಮುಂಚೆ ಬಿಡಿ ಮಾಡ್ಯೂಲ್ ಇವತ್ತು ಬೆಂಗಳೂರಿಗೆ ಬರತ್ತಾ, ಎಷ್ಟು ದಿನಕ್ಕೆ ಬರತ್ತೆ, ಸುಂಕ ಸೇರಿ ಎಷ್ಟಾಗತ್ತೆ ಅಂತ ಕಾರ್ಟಿಗೆ ಹಾಕಿ ನೋಡಬೇಕು. ಹೊರದೇಶದ ಅಂಗಡಿಯಲ್ಲಿ ನೇತಾಡ್ತಿರೋ ಗ್ಯಾಸ್ಕೆಟ್‌ನಿಂದ ನಮ್ಮ ಮನೆ ಅನ್ನ ಬೇಯಲ್ಲ.

ಇಷ್ಟನ್ನೂ ಯೂಟ್ಯೂಬಿನ ರಿವ್ಯೂದವರು ಯಾಕೆ ಹೇಳಲ್ಲ? ಅವರಲ್ಲಿ ಹೆಚ್ಚಿನವರು ಸುಳ್ಳರು ಅಂತ ನಾನು ಹೇಳಲ್ಲ. ಅವರ ಕೈಯಲ್ಲಿ ಆ ಸಾಮಾನು ಒಂದು ವಾರ ಇರತ್ತೆ, ಸ್ಟಿಕ್ ಸವೆಯೋಕೆ ತಿಂಗಳುಗಟ್ಟಲೆ ಬೇಕು. ಒಂದು ವಾರದಲ್ಲಿ ತೋರಿಸಬಹುದಾದ್ದು ಪೆಟ್ಟಿಗೆ ತೆರೆಯೋ ಸದ್ದು, ಅಯಸ್ಕಾಂತ ಟಕ್ ಅನ್ನೋದು, ಬಣ್ಣ. ಕುಕ್ಕರನ್ನು ಒಂದು ಸಲ ಕೂಗಿಸಿ ನೋಡಿ ರಿವ್ಯೂ ಬರೆದ ಹಾಗೆ. ಎಂಟನೇ ತಿಂಗಳ ರಿವ್ಯೂ ಯಾರು ಮಾಡ್ತಾರೆ? ಮಾಡಿದರೂ ಅಷ್ಟು ಹೊತ್ತಿಗೆ ಮುಂದಿನ ಮಾಡೆಲ್ ಬಂದಿರತ್ತೆ, ನೋಡೋರು ಯಾರು?

ಬದಲಿಗೆ ನಮಗೆ ಅಂಕಿ ತೋರಿಸ್ತಾರೆ. ಸೆಕೆಂಡಿಗೆ 1000 ಸಲ ಬಟನ್ ಕೇಳತ್ತೆ, ಈಗ 8000 ಸಲ ಕೇಳತ್ತೆ. ಸರಿ, ಲೆಕ್ಕ ಹಾಕೋಣ. 1000 ಸಲ ಅಂದ್ರೆ ಒಂದು ಮಿಲಿಸೆಕೆಂಡಿಗೊಮ್ಮೆ. 8000 ಅಂದ್ರೆ ಅದರ ಎಂಟನೇ ಒಂದು ಪಾಲು. ಟೆಕ್ಕನ್ 8 ಸೆಕೆಂಡಿಗೆ 60 ಫ್ರೇಮ್ ಓಡತ್ತೆ, ಒಂದು ಫ್ರೇಮಿಗೆ 16.67 ಮಿಲಿಸೆಕೆಂಡ್. ಆ ಆಟದಲ್ಲಿ ಮಿಶಿಮಾ ಮನೆತನದವರ ಹೆಸರಾಂತ ಏಟು ‘ಎಲೆಕ್ಟ್ರಿಕ್’ ಬೀಳಬೇಕಾದರೆ ಕೊನೆಯ ದಿಕ್ಕು, ಬಟನ್ ಎರಡೂ ಒಂದೇ ಫ್ರೇಮಿನೊಳಗೆ ಒತ್ತಬೇಕು. ನನಗೆ ಅದು ಹತ್ತಕ್ಕೆ ನಾಲ್ಕು ಸಲ ಬೀಳತ್ತೆ. ಉಳಿದ ಆರು ಸಲ ನಾನು ತಪ್ಪುವುದು ಮಿಲಿಸೆಕೆಂಡಿನ ಎಂಟನೇ ಪಾಲಿನಿಂದ ಅಂತ ಯಾರಾದರೂ ಅಂದರೆ ನಾನೇ ನಗ್ತೀನಿ. ಹಾಲಿನ ದೊಡ್ಡ ಟಿವಿಯಲ್ಲಿ ಗೇಮ್ ಮೋಡ್ ಹಾಕದೆ ಆಡ್ತಾ ಇದ್ದೀರಾದರೆ ಅಲ್ಲೇ ಎರಡು ಮೂರು ಫ್ರೇಮ್ ಸೋರಿಹೋಗ್ತಿರಬಹುದು. ರಿಮೋಟ್ ತಗೊಂಡು ಮೊದಲು ಅದನ್ನು ಸರಿ ಮಾಡಿ. ಬಿಟ್ಟಿ ಕೆಲಸ. ಬಟನ್ ಹಂಚಿಕೆ ಬದಲಾಯಿಸೋದೂ ಬಿಟ್ಟಿ: ಟೆಕ್ಕನ್ನಿನಲ್ಲಿ ಎರಡು ಬಟನ್ ಒಟ್ಟಿಗೆ ಒತ್ತೋದನ್ನು ಒಂದು ಭುಜದ ಬಟನ್ನಿಗೆ ಕೊಡೋಕೆ ಆಟದ ಸೆಟ್ಟಿಂಗಿನಲ್ಲೇ ಜಾಗ ಇದೆ. ಹಿಂಬದಿ ಪ್ಯಾಡಲಿಗೆ ನಿಜವಾದ ಕೆಲಸ ಇರೋದು ಶೂಟಿಂಗ್ ಆಟಗಳಲ್ಲಿ. ಬಲಗೈ ಹೆಬ್ಬೆರಳನ್ನು ಗುರಿ ಹಿಡಿಯುವ ಸ್ಟಿಕ್ಕಿನಿಂದ ಎತ್ತದೆ ಹಾರಬಹುದು, ಬಗ್ಗಬಹುದು. ಅಂಥ ಆಟ ಆಡೋರು ಕೊಳ್ಳಲಿ, ತಕರಾರಿಲ್ಲ. ಫುಟ್‌ಬಾಲಿಗೆ ನಾನು ನಾಲ್ಕು ಪ್ಯಾಡಲ್ ಹಾಕಿಕೊಂಡು ಮಾಡಿದ್ದೇನು ಅಂದ್ರೆ, ಗಾಬರಿಯಲ್ಲಿ ಹಿಡಿ ಬಿಗಿಹಿಡಿದಾಗ ತಾನಾಗಿ ಪಾಸ್ ಕೊಟ್ಟದ್ದು.

ಇನ್ನೊಂದು ಪಕ್ಷದವರಿದ್ದಾರೆ. ‘ಕೈಯಲ್ಲಿ ಆಟ ಇದ್ರೆ ಯಾವ ಕಂಟ್ರೋಲರ್ ಆದ್ರೇನು ಗುರು?’ ಅನ್ನೋರು. ಅವರು ತಪ್ಪದೆ ಲಫ್ಫಿಯ ಹೆಸರು ಎತ್ತುತ್ತಾರೆ. ಫ್ರಾನ್ಸಿನ ಆ ಆಟಗಾರ 2014ರಲ್ಲಿ ಇವೊ ಟೂರ್ನಮೆಂಟಿನ ಸ್ಟ್ರೀಟ್ ಫೈಟರ್ ಕಪ್ ಗೆದ್ದದ್ದು ಮೊದಲ ಪ್ಲೇಸ್ಟೇಷನ್ನಿನ ಹಳೇ ಕಂಟ್ರೋಲರಿನಲ್ಲಿ. ಸುತ್ತ ಇದ್ದ ದಿಗ್ಗಜರೆಲ್ಲ ದೊಡ್ಡ ಆರ್ಕೇಡ್ ಸ್ಟಿಕ್ ತೊಡೆಮೇಲಿಟ್ಟುಕೊಂಡು ಕೂತಿದ್ದರು. ಕತೆ ನಿಜ. ಆದರೆ ಇವರು ಅದರಿಂದ ತೆಗೆಯೋ ನೀತಿ ಸುಳ್ಳು. ಲಫ್ಫಿ ಯಾವುದೋ ಕೈಗೆ ಸಿಕ್ಕ ಕಂಟ್ರೋಲರಿನಲ್ಲಿ ಗೆಲ್ಲಲಿಲ್ಲ. ತನ್ನ ಹೆಬ್ಬೆರಳಿಗೆ ಕೂತ ಒಂದೇ ಒಂದು ಸಾಮಾನನ್ನು, ಎಲ್ಲರೂ ಬಿಟ್ಟಮೇಲೂ, ಬಿಡದೆ ಇಟ್ಟುಕೊಂಡು ಗೆದ್ದ. ಆ ಸಾಮಾನಿಗೆ ಸವೆಯೋ ಸ್ಟಿಕ್ಕೂ ಇರಲಿಲ್ಲ ಅನ್ನೋದು ಬೇರೆ. ನನ್ನ ಸೆಮಿಫೈನಲ್ಲಿನ ಎಂಬತ್ತನೇ ನಿಮಿಷದಲ್ಲಿ ಎಷ್ಟು ಆಟ ಇದ್ದರೂ ಆ ಡಿಫೆಂಡರನ್ನು ನಿಲ್ಲಿಸೋಕೆ ಆಗ್ತಿರಲಿಲ್ಲ.

ಕೇರಮ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡು ಕ್ಲಬ್ಬಿನದ್ದು, ಕಾಯಿ ಕ್ಲಬ್ಬಿನದ್ದು, ಪೌಡರ್ ಕ್ಲಬ್ಬಿನದ್ದು. ಸ್ಟ್ರೈಕರ್ ಮಾತ್ರ ಅವರವರದ್ದು; 15 ಗ್ರಾಂ ಮೀರಬಾರದು, ಅಷ್ಟೇ ನಿಯಮ. ಹಾಸನದಲ್ಲಿ ನಮ್ಮ ಬೀದಿಯ ಕೇರಮ್ ಹುಲಿಗಳು ಅಂಗಿ ಜೇಬಿನಲ್ಲಿ ಸ್ಟ್ರೈಕರ್ ಇಟ್ಟುಕೊಂಡೇ ಓಡಾಡ್ತಿದ್ದರು. ಯಾರ ಹತ್ತಿರವೂ ಎಂಟು ಸ್ಟ್ರೈಕರಿನ ಪೆಟ್ಟಿಗೆ ಇರಲಿಲ್ಲ. ಇದ್ದಿದ್ದರೆ ಅವನ ಜೊತೆ ಆಡೋಕೆ ಎಲ್ಲರೂ ಸಾಲು ನಿಲ್ಲುತ್ತಿದ್ದರು.

ಇಲ್ಲಿಗೆ ನನ್ನ ಹೆಂಡತಿಯ ಗೆಳತಿ ನನ್ನನ್ನು ತಡೀತಾಳೆ. ಅವಳು ಅಪೆಕ್ಸ್ ಲೆಜೆಂಡ್ಸ್ ಆಡೋಳು. ಬೆರಳು ಗಿಡ್ಡ. ಮಾಮೂಲಿ ಕಂಟ್ರೋಲರಿನ ಟ್ರಿಗರ್ ಮುಟ್ಟೋಕೆ ಕೈ ಸರಿಸಿ ಸರಿಸಿ ಮಣಿಕಟ್ಟು ನೋವು ತಂದುಕೊಂಡಿದ್ದಳು. ಹಗಲಿಡೀ ಲ್ಯಾಪ್‌ಟಾಪು, ರಾತ್ರಿ ಕಂಟ್ರೋಲರು. ಫಿಸಿಯೋಥೆರಪಿಯವರು ಆಟ ಬಿಡಿ ಅಂದಿದ್ದರು. ಗಿಡ್ಡ ಸ್ಟಿಕ್, ಅರ್ಧಕ್ಕೇ ನಿಲ್ಲೋ ಟ್ರಿಗರ್, ಎರಡು ಪ್ಯಾಡಲ್ ಇರೋದನ್ನು ತಗೊಂಡ ಮೇಲೆ ಆಟವೂ ಉಳೀತು, ಕೈಯೂ ಉಳೀತು. ‘ನಿನ್ನ ಕೈ ಅವರು ಮಾಡೋ ಅಳತೆಗೆ ಸರಿಯಾಗಿದೆ, ಅದಕ್ಕೆ ನಿನಗೆ ಇದು ಒಡವೆ ಥರ ಕಾಣತ್ತೆ’ ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅದು ಸರಿಯಾದ ಮಾತು. ಮೈಕ್ರೋಸಾಫ್ಟಿನ ಅಡಾಪ್ಟಿವ್ ಕಂಟ್ರೋಲರ್ 2018ರಲ್ಲಿ, ಸೋನಿಯ ಆಕ್ಸೆಸ್ 2023ರಲ್ಲಿ ಬಂದದ್ದು ಅಂಗವಿಕಲ ಆಟಗಾರರಿಗಾಗಿ. ಬದಲಾಯಿಸಿಕೊಳ್ಳೋದು ಶೋಕಿಯಾಗಿರದೆ ಆಟಕ್ಕೆ ಬಾಗಿಲೇ ಆಗಿರೋದನ್ನು ನೋಡಬೇಕಾದರೆ ಅಲ್ಲಿ ನೋಡಿ. ಅವಳು ಒಂದು ಜೋಡಣೆ ಮಾಡಿಕೊಂಡವಳು ಮತ್ತೆ ಅದನ್ನು ಮುಟ್ಟಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಅವಳ ಸ್ಟಿಕ್ಕೂ ಬೆಸೆದದ್ದೇ. ಅದು ಹೋದ ದಿನ ಅವಳ ಮಣಿಕಟ್ಟಿನ ಗತಿ ಏನು? ಬೇಕಾದವರಿಗೆ ಬೇಕಾದ್ದು ಅಂತ ಒಪ್ಪಿದ ಮೇಲೆ ನನ್ನ ಸಿಟ್ಟು ಇಳಿಯೋ ಬದಲು ಏರಿತು.

ಆ ಹುಡುಗನಿಗೆ ಇನ್ನೆರಡು ವಿಷಯ ಹೇಳಿದ್ದೆ. ಒಂದು, ಟೂರ್ನಮೆಂಟ್ ಯಾವ ಯಂತ್ರದಲ್ಲಿ ಅಂತ ಮೊದಲು ಕೇಳು. ಪಿಎಸ್5 ಆದರೆ ಪಿಎಸ್5ರ ಆಟಕ್ಕೆ ಸೋನಿಯ ಪರವಾನಗಿ ಇರೋ ಕಂಟ್ರೋಲರೇ ಬೇಕು. ಮೂರು ಸಾವಿರದ ಒಳ್ಳೇ ಹಾಲ್ ಸ್ಟಿಕ್ಕಿನದ್ದು ಪಿಸಿಯಲ್ಲಿ ಹುಲಿ, ಅಲ್ಲಿ ಇಲಿ. ಅಗ್ಗದ ಗಟ್ಟಿ ಸಾಮಾನು ನಮ್ಮ ಕೈಗೆ ಬರದ ಹಾಗೆ ತಡೆಯೋ ಗೋಡೆಗಳಲ್ಲಿ ಇದೂ ಒಂದು, ಇದರ ಬಗ್ಗೆ ಯಾರೂ ವಿಡಿಯೊ ಮಾಡಲ್ಲ. ಎರಡು, ನಿಯಮ ಓದು. ಜಪಾನಿನ ಡೈಗೊ ಉಮೆಹಾರಾನಂಥ ಡೈಗೊಗೇ 2019ರಲ್ಲಿ ಕ್ಯಾಪ್‌ಕಾಮ್ ತನ್ನ ಟೂರಿನಲ್ಲಿ ಅವನ ಬಟನ್ ಪೆಟ್ಟಿಗೆ ನಡೆಯಲ್ಲ ಅಂದಿತ್ತು. ನಮ್ಮ ಕೆಫೆಗಳಲ್ಲಿ ಅಷ್ಟಿಲ್ಲ, ಆದರೆ ಟರ್ಬೊ, ಮ್ಯಾಕ್ರೊ ಇದ್ದರೆ ಕಣ್ಣು ಕೆಂಪಾಗತ್ತೆ. ವೈರ್ ಇಲ್ಲದ್ದನ್ನು ಬೇಡ ಅನ್ನೋ ಕಡೆಯೂ ಇದೆ.

ಒಂದು ತಮಾಷೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಕೂಟಗಳ ಭಾಗ ಅಂತ ಗುರುತಿಸಿ ಕ್ರೀಡಾ ಇಲಾಖೆಯ ಕೆಳಗೆ ತಂದಿತು. ಅದೇ ತಿಂಗಳು ಗ್ರಾಹಕ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಎರಡೂ ಸುದ್ದಿಯನ್ನು ನಾನು ಓದಿದ್ದೆ, ಎರಡಕ್ಕೂ ಖುಷಿಪಟ್ಟಿದ್ದೆ. ಆದರೆ ಕೊಳ್ಳುವಾಗ ಸ್ಟಿಕ್ ಬಿಡಿಯಾಗಿ ಸಿಗತ್ತಾ ಅಂತ ಅಂಗಡಿಯವನನ್ನು ಕೇಳೋಕೆ ನನಗೇ ಹೊಳೆದಿರಲಿಲ್ಲ. ನಾನು ಕೇಳಿದ್ದು ಕಪ್ಪು ಬಣ್ಣದ್ದು ಸ್ಟಾಕ್ ಇದೆಯಾ ಅಂತ.

ಶನಿವಾರ ಹುಡುಗ ತನ್ನ ಹಳೇ ಕಂಟ್ರೋಲರ್ ತಗೊಂಡು ಮನೆಗೆ ಬಂದ. ಕನ್ಸೋಲಿನ ಜೊತೆ ಬಂದದ್ದು, ಎರಡು ವರ್ಷದ್ದು. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸ್ಟಿಕ್ ಎಲ್ಲಿ ನಿಂತಿದೆ ಅಂತ ತೋರಿಸೋ ಪುಟ ತೆಗೆದೆವು. ಬಲಗಡೆಯದು ನಟ್ಟನಡುವೆ ನಿಂತಿತ್ತು. ಎಡಗಡೆಯದು ಬೆರಳು ಬಿಟ್ಟಾಗೆಲ್ಲ ನೂರಕ್ಕೆ ಆರರಷ್ಟು ಮೇಲಕ್ಕೆ ಎಳೀತಿತ್ತು. ‘ಅದಕ್ಕೇ ಡೆಡ್‌ಜೋನ್ ಜಾಸ್ತಿ ಇಟ್ಕೊಂಡಿದೀನಿ ಅಣ್ಣಾ’ ಅಂದ. ಡೆಡ್‌ಜೋನ್ ಅಂದ್ರೆ ನಡುವಿನ ಒಂದಿಷ್ಟು ಜಾಗದಲ್ಲಿ ಸ್ಟಿಕ್ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡ ಅಂತ ಆಟಕ್ಕೆ ಹೇಳೋದು. ಡ್ರಿಫ್ಟ್ ಕಾಣಲ್ಲ, ಜೊತೆಗೆ ಅವನು ಬೆರಳನ್ನು ಎಳ್ಳಷ್ಟು ಸರಿಸಿ ಮಾಡೋ ಮೊದಲ ತಿರುವೂ ಹೋಗತ್ತೆ. ಆರು ತಿಂಗಳಿಂದ ಅವನು ಹಾಗೇ ಆಡ್ತಿದ್ದ, ಹಾಗೆ ಆಡಿಯೂ ನನ್ನನ್ನು ಸೋಲಿಸ್ತಿದ್ದ.

ಇಬ್ಬರೂ ಮೆಟ್ರೊ ಹತ್ತಿ ಎಸ್‌ಪಿ ರೋಡಿಗೆ ಹೋದೆವು. ಅದೇ ಭೂತಗನ್ನಡಿಯವರು. ಬೆಸೆದದ್ದು ಬಿಡಿಸಿ ಈ ಸಲ ಹಾಲ್ ಸ್ಟಿಕ್ಕೇ ಹಾಕೋಣ ಅಂದರು, ಕ್ಯಾಲಿಬ್ರೇಶನ್ ನೀವೇ ಮಾಡ್ಕೋಬೇಕು ಅಂದರು, ಎರಡಕ್ಕೂ ಸೇರಿ ಸಾವಿರದ ಎಂಟುನೂರು ಹೇಳಿದರು. ಹುಡುಗ ಚೌಕಾಸಿ ಮಾಡಿ ಸಾವಿರದ ಆರುನೂರಕ್ಕೆ ಇಳಿಸಿದ. ಕಾಯುತ್ತಾ ಎದುರಿನ ಗಾಡಿಯಲ್ಲಿ ಟೀ ಕುಡಿಯುವಾಗ, ಉಳಿದ ಬೋನಸ್ ಏನು ಮಾಡ್ತೀಯ ಅಂತ ಕೇಳಿದೆ. ಊರಲ್ಲಿ ಅಮ್ಮನ ಮಿಕ್ಸಿ ಸುಟ್ಟುಹೋಗಿದೆಯಂತೆ, ಹೊಸದು ಕೊಡಿಸಬೇಕು ಅಂದ. ಸುಟ್ಟಿರೋದು ಮೋಟಾರಾ, ಕಪ್ಲರಾ ಅಂತ ಫೋನ್ ಮಾಡಿ ಕೇಳು ಅಂದೆ.